ಮನೆಯಂಗಳದ ಜೇನುಸಾಕಣೆ: ಕುಂಬಳೆ ಸೀಮೆಯ ರೂಢಿ ಮತ್ತು ಕಟ್ಟಳೆ

ವಾಸದ ಮನೆಯ ಅಂಗಳ, ಹಿತ್ತಿಲು, ಜಗಲಿ ಅಥವಾ ತಾರಸಿಯಲ್ಲಿ ಜೇನುಕುಟುಂಬಗಳನ್ನು ಪೆಟ್ಟಿಗೆಯಲ್ಲಿಟ್ಟು ಸಾಕುವ ಪದ್ಧತಿ, ಮತ್ತು ಅದಕ್ಕೆ ಅನ್ವಯಿಸುವ ಕಾನೂನು, ಕಟ್ಟಳೆಗಳು. ನ್ಯೂಯಾರ್ಕಿನಂಥ ನಗರಗಳಲ್ಲಿ ಇದು ಸರಕಾರಿ ನೋಂದಣಿಯ ವಿಷಯ. ಕಾಸರಗೋಡು ಜಿಲ್ಲೆಯ ಕುಂಬಳೆಯಂಥ ಊರಿನಲ್ಲಿ ನೆರೆಮನೆಯವರ ನಡುವಿನ ವಿಷಯವಾಗಿಯೇ ಬೆಳೆದುಬಂದಿದೆ. ಅಪ್ಪಣೆ ಕೇಳಿ ಜೇನು ಸಾಕುವ ರೂಢಿ ಇಲ್ಲಿಯದಲ್ಲ. ತಕರಾರು ಏಳುವುದು ಯಾರಿಗಾದರೂ ಹುಳ ಕಡಿದಾಗ, ಇಲ್ಲವೇ ಯಾರಾದರೂ ವಿಷ ಹೊಡೆದಾಗ. ಮೊದಲನೆಯದಕ್ಕೆ ಸಿಗುವ ಗಮನ ಎರಡನೆಯದಕ್ಕೆ ತಡವಾಗಿ ಸಿಗುತ್ತದೆ ಎಂಬುದನ್ನು ಈ ಜಿಲ್ಲೆ ತನ್ನ ಮೈಮೇಲೆ ಕಂಡುಕೊಂಡಿದೆ.

ಊರು: ಕುಂಬಳೆ ಕಾಸರಗೋಡು ಪಟ್ಟಣದಿಂದ ಉತ್ತರಕ್ಕೆ, ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿದೆ. ಹಿಂದೆ ಸೀಮೆಯ ಅರಸರ ಊರು, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವ ತನಕ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಕಾಗದದಲ್ಲಿ ಇದು ಗ್ರಾಮ ಪಂಚಾಯತಿ. ಬಸ್‌ಸ್ಟ್ಯಾಂಡಿನ ಸುತ್ತ ಮಾತ್ರ ಪೇಟೆಯ ದಟ್ಟಣೆ. ತುಸು ಒಳಗೆ ಹೋದರೆ ತೆಂಗು, ಮಾವು, ಹಲಸು, ಗೇರುಗಳ ಹಿತ್ತಿಲು. ಬಯಲುಸೀಮೆಯ ಊರುಗಳಂತೆ ಮನೆಗಳು ಒಂದಕ್ಕೊಂದು ಒತ್ತಿಕೊಂಡು ಕೂತಿಲ್ಲ, ತಮ್ಮ ತಮ್ಮ ಹಿತ್ತಿಲ ನಡುವೆ ಬಿಡಿಬಿಡಿಯಾಗಿವೆ. ಹಳ್ಳಿ ಎಲ್ಲಿ ಮುಗಿಯಿತು, ಪೇಟೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದು ತೋರಿಸುವುದು ಕಷ್ಟ. ಆದ್ದರಿಂದ ನಗರದ ಜೇನುಸಾಕಣೆ, ಹಳ್ಳಿಯ ಜೇನುಸಾಕಣೆ ಎಂಬ ಭೇದ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು. ಪೆಟ್ಟಿಗೆಯಿಂದ ಪಕ್ಕದ ಮನೆಯ ಪಾಗಾರಕ್ಕೆ ಎಷ್ಟು ಮಾರು ಎಂಬುದೇ ಮುಖ್ಯ. ಎಕರೆಗಟ್ಟಲೆಯ ಹಿತ್ತಿಲು ಪಾಲಾಗಿ ಐದು, ಹತ್ತು ಸೆಂಟ್ಸುಗಳಿಗೆ ಇಳಿದಂತೆ ಆ ಮಾರೂ ಕಿರಿದಾಗುತ್ತದೆ.

ಜೇನಿನ ಬಗೆಗಳು: ಕರಾವಳಿಯಲ್ಲಿ ಕಾಣುವ ನಾಲ್ಕು ಬಗೆಯ ಜೇನುಗಳಲ್ಲಿ ಸಾಕಲು ಬರುವುದು ಎರಡು. ಹೆಜ್ಜೇನು ಎತ್ತರದ ಮರ, ಬಂಡೆ, ನೀರಿನ ಟಾಂಕಿ, ದೊಡ್ಡ ಕಟ್ಟಡಗಳಲ್ಲಿ ಬಯಲಿಗೆ ಒಂದೇ ದೊಡ್ಡ ಎರಿ ಕಟ್ಟಿ, ಋತು ಮುಗಿದೊಡನೆ ಬಿಟ್ಟು ಹೋಗುತ್ತದೆ. ಅದನ್ನು ಪೆಟ್ಟಿಗೆಗೆ ಒಗ್ಗಿಸಲು ಆಗುವುದಿಲ್ಲ. ಕೋಲುಜೇನು ಪೊದೆಯ ಟೊಂಗೆಗೆ ಅಂಗೈಯಗಲದ ಎರಿ ಕಟ್ಟುವ ಸಣ್ಣ ಜಾತಿ. ಅದೂ ಪೆಟ್ಟಿಗೆಗೆ ಬಾರದು. ಮರದ ಪೊಟರೆ, ಹುತ್ತ, ಮುರಕಲ್ಲಿನ ಗೋಡೆಯ ಸಂದಿನಂಥ ಕತ್ತಲ ಜಾಗದಲ್ಲಿ ಹಲವು ಎರಿಗಳನ್ನು ಸಾಲಾಗಿ ಕಟ್ಟುವ ತುಡುವೆಯೇ ಕರಾವಳಿಯ ಸಾಕುಜೇನು. ನಾಲ್ಕನೆಯದು ಮುಜಂಟಿ. ಘಟ್ಟದ ಮೇಲೆ ಇದನ್ನೇ ಮಿಸರಿ ಎನ್ನುತ್ತಾರೆ, ಮಲಯಾಳದಲ್ಲಿ ಚೆರುತೇನ್. ಸೊಳ್ಳೆಗಿಂತ ತುಸು ದಪ್ಪನಾದ ಕಪ್ಪು ಹುಳ, ಮುಳ್ಳಿಲ್ಲ. ಕೆಣಕಿದರೆ ತಲೆಗೂದಲಿಗೆ ಸಿಕ್ಕಿಕೊಂಡು ಕಚ್ಚುತ್ತದೆ, ಅಷ್ಟೆ.

ಕಟ್ಟಳೆಯ ಮಾತು ಎತ್ತುವ ಮೊದಲು ಈ ಭೇದ ತಿಳಿದಿರಬೇಕು. ಜನ ಹೆದರುವುದು ಹೆಜ್ಜೇನಿಗೆ, ದೂರುವುದು ತುಡುವೆಯ ಪೆಟ್ಟಿಗೆಯನ್ನು. ಸಂಜೆ ಟ್ಯೂಬ್‌ಲೈಟಿಗೆ ಬಂದು ಸುತ್ತಿ ನೆಲಕ್ಕೆ ಬೀಳುವುದು, ಒಣಹಾಕಿದ ಬಟ್ಟೆಯ ಮೇಲೆ ಹಳದಿ ಚುಕ್ಕೆ ಉದುರಿಸುವುದು, ಗೂಡಿಗೆ ಕಲ್ಲು ಬಿದ್ದರೆ ಫರ್ಲಾಂಗುಗಟ್ಟಲೆ ಅಟ್ಟಿಸಿಕೊಂಡು ಬರುವುದು ಹೆಚ್ಚಾಗಿ ಹೆಜ್ಜೇನಿನ ಕೆಲಸ. ಅದಕ್ಕೆ ಯಜಮಾನನಿಲ್ಲ, ಪೆಟ್ಟಿಗೆ ಇಟ್ಟವನಿಗೆ ಹೆಸರು, ವಿಳಾಸ ಎರಡೂ ಇದೆ. ಭಾಷೆಯೂ ಗೊಂದಲಕ್ಕೆ ಒಂದು ಕೈ ಸೇರಿಸುತ್ತದೆ. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಆಡುವವರೆಲ್ಲ ಕೂಡಿ ಬಾಳುವ ಊರಿದು. ಮಲಯಾಳದಲ್ಲಿ ಬರೆದ ದೂರಿನಲ್ಲಿ ‘ತೇನೀಚ್ಚ’ ಎಂಬ ಒಂದು ಪದದೊಳಗೆ ಈ ನಾಲ್ಕೂ ಸೇರಿಹೋಗಬಹುದು. ಇಂಥ ದೂರಿನಲ್ಲಿ ಬರಬಹುದಾದ ಇನ್ನೊಂದು ಪದ ‘ಕಡನ್ನಲ್’ ಅಂದರೆ ಕಣಜ, ಅದು ಜೇನೇ ಅಲ್ಲ.

ಇತಿಹಾಸ: ಪೆಟ್ಟಿಗೆ ಬರುವ ಮೊದಲು ಮಡಕೆಯಿತ್ತು. ಒಳಗೆ ಜೇನುಮೇಣ ಸವರಿದ ಮಣ್ಣಿನ ಮಡಕೆಯನ್ನು ಸೂರಿನಡಿಯಲ್ಲೋ ಮರದ ಕವಲಲ್ಲೋ ಕವುಚಿಟ್ಟರೆ, ಪಾಲಾಗಿ ಹೊರಟ ತುಡುವೆ ಹಿಂಡು ಬಂದು ಸೇರುತ್ತಿತ್ತು. ಜೇನು ಬೇಕಾದಾಗ ಎರಿಯನ್ನೇ ಕಿತ್ತು ಹಿಂಡಬೇಕು. ಅದರೊಂದಿಗೆ ಮೊಟ್ಟೆಮರಿಗಳೂ ಹೋಗುತ್ತಿದ್ದವು. ಎರಿ ಕೆಡಿಸದೆ ಜೇನು ತೆಗೆಯುವ ಚೌಕಟ್ಟಿನ ಪೆಟ್ಟಿಗೆಯನ್ನು ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ರೂಪಿಸಿದ. ಆದರೆ ಅದು ಯುರೋಪಿನ ಜೇನಿನ ಅಳತೆಯದು, ತುಡುವೆಗೆ ತೀರ ದೊಡ್ಡದು. ದಕ್ಷಿಣ ಭಾರತದ ತುಡುವೆಗೆ ಹೊಂದುವ ಚಿಕ್ಕ ಪೆಟ್ಟಿಗೆಯನ್ನು 1910ರ ಸುಮಾರಿಗೆ ತಿರುಚಿರಾಪಳ್ಳಿಯ ಜೆಸ್ಯೂಟ್ ಪಾದ್ರಿ ನ್ಯೂಟನ್ ಮಾಡಿದರು. ಮುಂದಿನ ಕೆಲವು ವರ್ಷ ಊರವರಿಗೆ ಅದರಲ್ಲಿ ತರಬೇತಿಯನ್ನೂ ಕೊಟ್ಟರು. 1920ರ ದಶಕದಲ್ಲಿ ತಿರುವಾಂಕೂರಿನ ಮಾರ್ತಾಂಡದಲ್ಲಿ ವೈಎಂಸಿಎಯ ಗ್ರಾಮೋದ್ಧಾರ ಕೇಂದ್ರ ಇನ್ನೊಂದು ಮಾದರಿಯನ್ನು ಬಳಕೆಗೆ ತಂದಿತು. 1934ರಲ್ಲಿ ಗಾಂಧೀಜಿ ಕಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಜೇನನ್ನೂ ಗ್ರಾಮ ಕೈಗಾರಿಕೆಗಳ ಸಾಲಿಗೆ ಸೇರಿಸಿತು. ಕೊಡಗು, ದಕ್ಷಿಣ ಕನ್ನಡಗಳಲ್ಲಿ ಜೇನು ಸಹಕಾರಿ ಸಂಘಗಳು ಹುಟ್ಟಿದವು. ದಕ್ಷಿಣ ಕನ್ನಡದ ಸಂಘದ ಕೇಂದ್ರ ಪುತ್ತೂರು. ‘ಜೇನು ಸೊಸೈಟಿ’ ಎಂಬ ಮಾತು ಈ ಭಾಗದಲ್ಲಿ ಎಷ್ಟು ಬಳಕೆಯಾಯಿತೆಂದರೆ, 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯ ಕತೆ ಹೊರಡುವುದೇ ಸೊಸೈಟಿಗೆ ಜೇನು ಕೊಳ್ಳಲು ಹೋದಲ್ಲಿಂದ.

1956ರ ಗಡಿ ಕಾಸರಗೋಡಿನ ಕೃಷಿಕರನ್ನು ಬೇರೆ ರಾಜ್ಯಕ್ಕೆ ಹಾಕಿತು. ಕೃಷಿಯ ಮಾತುಕತೆ ಮಾತ್ರ ಗಡಿ ದಾಟಿ ನಡೆದೇ ಇದೆ. 1988ರಿಂದ ಪುತ್ತೂರಿನಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ಯ ಓದುಗರು ಎರಡೂ ಕಡೆ ಇದ್ದಾರೆ. ಕೇರಳದ ಕಡೆಯಿಂದ ಈಗ ಜೇನಿಗೆ ಆಸರೆಯಾಗಿರುವುದು ಖಾದಿ ಮಂಡಳಿ, ಸರಕಾರಿ ತೋಟಗಾರಿಕಾ ಸಂಸ್ಥೆ ಹಾರ್ಟಿಕಾರ್ಪ್, ಕೃಷಿ ವಿಶ್ವವಿದ್ಯಾಲಯ.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆಗಳನ್ನು ಹೊಡೆಯಿತು. ಮರಿಹುಳ ಕೋಶಕ್ಕೆ ಹೋಗುವ ಹೊತ್ತಿಗೆ ನೀರು ತುಂಬಿದ ಚೀಲದಂತಾಗಿ ಸಾಯುತ್ತದೆ, ಔಷಧವಿಲ್ಲ. ಕೇರಳದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪೆಟ್ಟಿಗೆಗಳು ಬರಿದಾದವು, ಕೊಡಗು ಮತ್ತು ದಕ್ಷಿಣ ಕನ್ನಡದ ಗತಿಯೂ ಹೆಚ್ಚುಕಡಿಮೆ ಅದೇ. ರೋಗಕ್ಕೆ ತಡೆದು ಉಳಿದ ಕುಟುಂಬಗಳಿಂದ ಮತ್ತೆ ಸಂತತಿ ಬೆಳೆಯಲು ವರ್ಷಗಳೇ ಹಿಡಿದವು. ಇದು ಕಟ್ಟಳೆಗೆ ಸಂಬಂಧಿಸಿದ ಸಂಗತಿಯೂ ಹೌದು. ಜೇನಿನ ರೋಗ ಪಂಚಾಯತಿಯ ಗಡಿ ನೋಡಿ ನಿಲ್ಲುವುದಿಲ್ಲ. ಲಾರಿಯಲ್ಲಿ ಬಂದ ಪೆಟ್ಟಿಗೆಯೊಂದಿಗೆ ರೋಗವೂ ಬರುತ್ತದೆ. ಜನವರಿಯಿಂದ ಮಾರ್ಚ್ ತನಕ ಕೇರಳದ ರಬ್ಬರು ತೋಟಗಳ ಚಿಗುರೆಲೆಗಳು ತೊಟ್ಟಿನ ಬಳಿ ಸಿಹಿ ಒಸರುವ ಕಾಲದಲ್ಲಿ ಪೆಟ್ಟಿಗೆಗಳನ್ನು ಊರಿಂದೂರಿಗೆ ಸಾಗಿಸುತ್ತಾರೆ. ಹಿತ್ತಿಲಲ್ಲಿ ಎರಡು ಪೆಟ್ಟಿಗೆ ಇಟ್ಟವನನ್ನು ನೋಂದಾಯಿಸುವುದಕ್ಕಿಂತ ಈ ಸಾಗಾಟದ ಲೆಕ್ಕ ಇಡುವುದು ಜರೂರು.

ಎಂಡೋಸಲ್ಫಾನ್ ಮತ್ತು ಜೇನು: ಕುಂಬಳೆಯ ಪೂರ್ವಕ್ಕಿರುವ ಎಣ್ಮಕಜೆ, ಬದಿಯಡ್ಕ, ಕುಂಬ್ಡಾಜೆ ಸೇರಿ ಜಿಲ್ಲೆಯ ಹನ್ನೊಂದು ಪಂಚಾಯತಿಗಳ ಹೆಸರು ಜಗತ್ತಿಗೆ ತಿಳಿದದ್ದು ಎಂಡೋಸಲ್ಫಾನಿನಿಂದ. ಸರಕಾರಿ ಒಡೆತನದ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದ ಕೊನೆಯಿಂದ 2000ದ ತನಕ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಈ ಕೀಟನಾಶಕ ಸುರಿಸಿತು. ಗೇರು ಹೂ ಬಿಡುವ ಕಾಲವೇ ಚಹಾ ಸೊಳ್ಳೆ ಎಂಬ ಕೀಟ ಕಾಡುವ ಕಾಲ, ಅದೇ ಮದ್ದು ಬಿಡುವ ಕಾಲ, ಅದೇ ತುಡುವೆ ಬೆಳೆಯುವ ಕಾಲ. ಮನುಷ್ಯರ ರೋಗಗಳ ಸುದ್ದಿ ಹೊರಬರುವ ಮೊದಲೇ ಎಣ್ಮಕಜೆಯ ಪಡ್ರೆಯಂಥ ಊರುಗಳಲ್ಲಿ ಜೇನುನೊಣ, ಚಿಟ್ಟೆ, ಮೀನು, ಕಪ್ಪೆ ಸತ್ತು ಬೀಳುತ್ತಿದ್ದುದನ್ನು ಜನ ಕಂಡಿದ್ದರು. ಅಲ್ಲಿಯವರೇ ಆದ ಪತ್ರಕರ್ತ ಶ್ರೀಪಡ್ರೆ ಮತ್ತು ಊರ ವೈದ್ಯ ಡಾ. ವೈ. ಎಸ್. ಮೋಹನಕುಮಾರ್ ಈ ವಿಷಯವನ್ನು ಹೊರಜಗತ್ತಿಗೆ ಮುಟ್ಟಿಸಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಡೆಯಿತು.

ಆ ಕಾಲದಲ್ಲಿ ಕಾನೂನು ಇರಲಿಲ್ಲವೆಂದಲ್ಲ. 1971ರ ಕೀಟನಾಶಕ ನಿಯಮಗಳು ಆಕಾಶದಿಂದ ಸಿಂಪಡಿಸುವ ಮುನ್ನ ಕನಿಷ್ಠ ಇಪ್ಪತ್ತನಾಲ್ಕು ಗಂಟೆ ಮೊದಲು ಸಾರ್ವಜನಿಕರಿಗೆ ತಿಳಿಸಬೇಕು, ಜನರೂ ಪ್ರಾಣಿಗಳೂ ಆ ಜಾಗಕ್ಕೆ ಹೋಗದಂತೆ ತಡೆಯಬೇಕು ಎನ್ನುತ್ತವೆ. ದನವನ್ನು ಹಟ್ಟಿಯಲ್ಲಿ ಕಟ್ಟಬಹುದು. ಬೆಳಗ್ಗೆ ಆರಕ್ಕೆ ಹೊರಟ ತುಡುವೆಗೆ ಡಂಗುರ ಸಾರುವುದು ಹೇಗೆ? ತುಡುವೆ ಸಾಮಾನ್ಯವಾಗಿ ಒಂದು ಕಿಲೋಮೀಟರಿನ ಆಸುಪಾಸಿನಲ್ಲಿ ಮೇಯುತ್ತದೆ. ಆ ವರ್ತುಲವೇ ಸುಮಾರು 775 ಎಕರೆ. ಐದು ಸೆಂಟ್ಸು ಹಿತ್ತಿಲಿನ ಒಂದು ಪೆಟ್ಟಿಗೆಯ ಆಗುಹೋಗು 775 ಎಕರೆಯ ಯಜಮಾನರ ಕೈಯಲ್ಲಿದೆ. ಅವರಲ್ಲಿ ಒಬ್ಬ ಹೂವಿನ ಮೇಲೆ ಹಗಲು ಹೊತ್ತು ವಿಷ ಹೊಡೆದರೂ ಸಾಕು. ಎಲ್ಲ ಮದ್ದೂ ಒಂದೇ ಅಲ್ಲ. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದಲ್ಲಿ ಬಿಡುವ ಬೋರ್ಡೋ ಶಿಲೀಂಧ್ರಕ್ಕೆ ಬಿಡುವ ಮದ್ದು, ಕೀಟನಾಶಕದಷ್ಟು ಜೇನನ್ನು ಕೊಲ್ಲುವುದಿಲ್ಲ. ಮನೆ ಮನೆಯ ಜೇನು ಉಳಿಯಬೇಕೆಂದರೆ ಪಂಚಾಯತಿ ಮೊದಲು ಕೈಹಾಕಬೇಕಾದದ್ದು ಹೂ ಬಿಡುವ ತಿಂಗಳ ಸಿಂಪಡಣೆಗೆ.

ಕಾನೂನು: ಜೇನು ಯಾರದು ಎಂಬುದು ಹಳೆಯ ಪ್ರಶ್ನೆ. ಕ್ರಿ.ಶ. 533ರಲ್ಲಿ ರೋಮನ್ ಚಕ್ರವರ್ತಿ ಜಸ್ಟೀನಿಯನ್ ಹೊರಡಿಸಿದ ‘ಇನ್‌ಸ್ಟಿಟ್ಯೂಟ್ಸ್’ ಎಂಬ ಕಾನೂನುಗ್ರಂಥ ಜೇನನ್ನು ಕಾಡುಪ್ರಾಣಿ ಎಂದಿತು: ಗೂಡಿಗೆ ಸೇರಿಸಿಕೊಂಡವನು ಒಡೆಯ, ಹಾರಿಹೋದ ಹಿಂಡು ಕಣ್ಣಿಗೆ ಕಾಣುವ ತನಕ, ಬೆನ್ನಟ್ಟಲು ಸಾಧ್ಯವಿರುವ ತನಕ ಅವನದು, ಆಮೇಲೆ ಹಿಡಿದವನದು. ಜರ್ಮನಿಯ ಸಿವಿಲ್ ಸಂಹಿತೆಯ 961ರಿಂದ 964ರ ವರೆಗಿನ ಕಲಮುಗಳು ಹಿಂಡಿನ ಹಿಂದೆ ಓಡುವವನು ಪರರ ಜಮೀನಿಗೆ ಕಾಲಿಡಬಹುದೆಂದು ಈಗಲೂ ಹೇಳುತ್ತವೆ. ನಮ್ಮಲ್ಲಿ 1927ರ ಭಾರತೀಯ ಅರಣ್ಯ ಕಾಯ್ದೆ ಕಾಡಿನಿಂದ ತಂದ ಜೇನು, ಮೇಣಗಳನ್ನು ಅರಣ್ಯೋತ್ಪನ್ನವೆಂದು ಎಣಿಸುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ ಅದನ್ನು ಸಂಗ್ರಹಿಸುವ ಹಕ್ಕನ್ನು ಕಾಡಿನ ಜನರಿಗೆ ಕೊಟ್ಟಿದೆ. ಹಿತ್ತಿಲಿನ ಪೆಟ್ಟಿಗೆಯ ಜೇನಿಗೆ ಇದಾವುದೂ ತಗಲುವುದಿಲ್ಲ.

ಕುಂಬಳೆ ಪಂಚಾಯತಿ ನಡೆಯುವುದು 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯಡಿ. ಕೆಲವು ಕಸುಬುಗಳನ್ನು ‘ಅಪಾಯಕಾರಿ, ಉಪದ್ರವಕಾರಿ’ ಎಂದು ಗುರುತಿಸಿ ಪರವಾನಗಿಗೆ ಒಳಪಡಿಸುವ ಅಧಿಕಾರ ಅದರ 232ನೆಯ ಕಲಮಿನಲ್ಲಿದೆ. 2012ರ ಜಾನುವಾರು ಫಾರ್ಮ್ ಪರವಾನಗಿ ನಿಯಮಗಳು ದನ, ಆಡು, ಹಂದಿ, ಮೊಲ, ಕೋಳಿಗಳನ್ನು ಮನಸ್ಸಿನಲ್ಲಿಟ್ಟು ಬರೆದವು. ಸೆಗಣಿ, ಗಂಜಳ, ವಾಸನೆ, ಗುಂಡಿಗಳ ಲೆಕ್ಕಾಚಾರ ಜೇನಿಗೆ ಹೊಂದುವುದಿಲ್ಲ.

ಹಾಗೆಂದು ಪೆಟ್ಟಿಗೆಯವನು ಪೂರಾ ನಿಶ್ಚಿಂತನಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ‘ಪ್ರಾಣಿ’ ಎಂದರೆ ಮನುಷ್ಯನ ಹೊರತು ಯಾವುದೇ ಜೀವಿ. ಹಳೆಯ ದಂಡ ಸಂಹಿತೆಯ ವ್ಯಾಖ್ಯೆಯೂ ಇದೇ. ಹಾಗಾಗಿ ತನ್ನ ವಶದಲ್ಲಿರುವ ಪ್ರಾಣಿಯಿಂದ ಇತರರ ಜೀವಕ್ಕೆ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ ಆರು ತಿಂಗಳ ತನಕ ಸಜೆ ಅಥವಾ ಐದು ಸಾವಿರ ರೂಪಾಯಿ ತನಕ ದಂಡ, ಇಲ್ಲವೇ ಎರಡನ್ನೂ ಹೇಳುವ 291ನೆಯ ಕಲಮು, ಅಕ್ಷರಶಃ ಓದಿದರೆ, ತುಡುವೆಗೂ ಸಲ್ಲುತ್ತದೆ. ಸಾರ್ವಜನಿಕ ಉಪದ್ರವದ ವ್ಯಾಖ್ಯೆ 270ರಲ್ಲಿದೆ. ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಂತೆ, ಅಪಾಯಕಾರಿ ಪ್ರಾಣಿಯನ್ನು ಕೊಲ್ಲಲು, ಕೂಡಿಹಾಕಲು ಅಥವಾ ಬೇರೆ ರೀತಿಯಲ್ಲಿ ವಿಲೇವಾರಿ ಮಾಡಲು ಮ್ಯಾಜಿಸ್ಟ್ರೇಟರು ಷರತ್ತಿನ ಆದೇಶ ಕೊಡಬಹುದು. ಇಪ್ಪತ್ತು ಸಾವಿರ ಹುಳಗಳನ್ನು ‘ಕೂಡಿಹಾಕುವುದು’ ಎಂದರೆ ಏನೆಂದು ಕಲಮು ಬರೆದವರು ಯೋಚಿಸಿರಲಾರರು. ಬಡಿಗೆಯಿಂದ ಬೆದರಿಸಬಹುದಾದ ಪ್ರಾಣಿಗಾಗಿ ಹುಟ್ಟಿದ ಕಾನೂನಿದು. ಇನ್ನು ಕಾಡಿನ ಹುಳಗಳ ವಿಷಯಕ್ಕೆ ಬಂದರೆ, ಕಣಜ, ಜೇನುಗಳ ಕಡಿತದಿಂದ ಸತ್ತವರ ಕುಟುಂಬಕ್ಕೆ ಪರಿಹಾರ ಕೊಡಲು 2022ರಲ್ಲಿ ಕೇರಳ ಸರಕಾರ ತೀರ್ಮಾನಿಸಿತು.

ಪ್ರೋತ್ಸಾಹದ ಮಾರ್ಗ ಬೇರೆಯೇ. 2000ದಲ್ಲಿ ಸೊಸೈಟಿಯಾಗಿ ನೋಂದಾಯಿತವಾದ ರಾಷ್ಟ್ರೀಯ ಜೇನು ಮಂಡಳಿ, 2020ರಲ್ಲಿ 500 ಕೋಟಿ ರೂಪಾಯಿಯೊಂದಿಗೆ ಘೋಷಿತವಾದ ಜೇನುಸಾಕಣೆ ಮತ್ತು ಜೇನು ಮಿಷನ್, 2021ರ ಏಪ್ರಿಲ್‌ನಲ್ಲಿ ಶುರುವಾದ ‘ಮಧುಕ್ರಾಂತಿ’ ನೋಂದಣಿ ಜಾಲತಾಣ ಇವೆಲ್ಲ ಸಾಕಣೆಯನ್ನು ಕಸುಬಾಗಿ ನೋಡುತ್ತವೆ. ನೆರೆಯವನ ಹಕ್ಕು ಅವುಗಳ ಲೆಕ್ಕದಲ್ಲಿಲ್ಲ. ಬಾಟಲಿಗೆ ಚೀಟಿ ಅಂಟಿಸಿ ಮಾರುವುದಾದರೆ 2006ರ ಆಹಾರ ಸುರಕ್ಷತೆ ಕಾಯ್ದೆಯ ನೋಂದಣಿ ಬೇಕು.

ಹೊರನಾಡುಗಳಲ್ಲಿ: ನ್ಯೂಯಾರ್ಕ್ ನಗರ 1999ರಲ್ಲಿ ಜೇನನ್ನು ಕಾಡುಪ್ರಾಣಿಗಳ ಪಟ್ಟಿಗೆ ಸೇರಿಸಿ ನಿಷೇಧಿಸಿತ್ತು. ಕದ್ದು ತಾರಸಿಯಲ್ಲಿ ಸಾಕುವವರು ಹೆಚ್ಚಾದ ಮೇಲೆ 2010ರ ಮಾರ್ಚಿನಲ್ಲಿ ಆರೋಗ್ಯ ಸಂಹಿತೆಯ ಕಲಮನ್ನು ತಿದ್ದಿ, ನೋಂದಣಿಯ ಷರತ್ತಿನ ಮೇಲೆ ಬಿಟ್ಟಿತು. ಲಾಸ್ ಏಂಜಲೀಸ್ ಅದೇ ದಾರಿಗೆ 2015ರಲ್ಲಿ ಬಂತು. ಇದರ ಇನ್ನೊಂದು ಮಗ್ಗುಲನ್ನು ಸ್ವಿಟ್ಜರ್ಲೆಂಡ್ ಕಂಡಿತು: ಅಲ್ಲಿಯ ಹದಿನಾಲ್ಕು ನಗರಗಳಲ್ಲಿ ಪೆಟ್ಟಿಗೆಗಳ ಸಂಖ್ಯೆ 2012ರಿಂದ 2018ರೊಳಗೆ ಸುಮಾರು ಮೂರು ಪಟ್ಟಾಯಿತು, ಹೂವು ಅಷ್ಟು ಬೆಳೆಯಲಿಲ್ಲ. ಸಾಕುಜೇನು ಹೆಚ್ಚಾದರೆ ಕಾಡಿನ ದುಂಬಿಗಳಿಗೆ ಮೇವು ಕಡಿಮೆಯಾದೀತೆಂಬ ಆತಂಕ ಆಮೇಲೆ ಹುಟ್ಟಿತು. ಈ ನಿಯಮಗಳನ್ನು ಹಾಗೆಯೇ ಕುಂಬಳೆಗೆ ಇಳಿಸಲಾಗದು. ಅಲ್ಲಿ ಸಾಕುವುದು ಯುರೋಪಿನ ಮೆಲಿಫೆರಾ, ಇಲ್ಲಿ ತುಡುವೆ. ಮೆಲಿಫೆರಾದ ಪೆಟ್ಟಿಗೆಯಲ್ಲಿ ಹುಳಗಳ ಸಂಖ್ಯೆ ಹೆಚ್ಚು, ಅದು ಮೇಯುವ ದೂರವೂ ಹೆಚ್ಚು. ಭಾರತದಲ್ಲಿ ಅದು ನೆಲೆಯೂರಿದ್ದು 1962ರಲ್ಲಿ, ಹಿಮಾಚಲದ ನಗರೋಟದಲ್ಲಿ. ತುಡುವೆ ಈ ನೆಲದ್ದೇ ಹುಳ. ಮೇವಿಲ್ಲದಿದ್ದರೆ, ಇರುವೆ ಕಾಡಿದರೆ, ಪದೇ ಪದೇ ಪೆಟ್ಟಿಗೆ ತೆರೆದರೆ ಸದ್ದಿಲ್ಲದೆ ಬಿಟ್ಟು ಹೋಗುತ್ತದೆ. ಮಿತಿಮೀರಿ ಪೆಟ್ಟಿಗೆ ಇಟ್ಟವನನ್ನು ಶಿಕ್ಷಿಸಲು ನೋಟಿಸು ಬೇಕಿಲ್ಲ.

ಹೊರನಾಡು ಬಿಟ್ಟು ಬೆಂಗಳೂರಿಗೆ ಬಂದರೆ, ಅಲ್ಲಿಯ ತಕರಾರು ಹೆಚ್ಚಾಗಿ ಹೆಜ್ಜೇನಿನದು. ಬಹುಮಹಡಿ ಕಟ್ಟಡದ ಬಾಲ್ಕನಿಯಡಿ ಎರಿ ಕಟ್ಟಿದೊಡನೆ ಕೀಟನಾಶಕ ಸಿಂಪಡಿಸುವವರಿಗೆ ಫೋನು ಹೋಗುತ್ತದೆ. ಕೆಲವು ತಿಂಗಳಲ್ಲಿ ತಾನಾಗಿ ಹೋಗುವ ಹಿಂಡು ಅದು.

ರೂಢಿಯ ಕಟ್ಟಳೆಗಳು: ಬರೆದ ನಿಯಮವಿಲ್ಲದಿದ್ದರೂ ಸಾಕುವವರ ನಡುವೆ ಕಟ್ಟಳೆಗಳಿವೆ. ಪೆಟ್ಟಿಗೆಯ ಬಾಗಿಲು ದಾರಿಯ ಕಡೆಗೆ, ಹಟ್ಟಿಯ ಕಡೆಗೆ, ನೆರೆಯವರ ಬಾವಿಕಟ್ಟೆಯ ಕಡೆಗೆ ಇರಬಾರದು. ಮೂಡು ದಿಕ್ಕು ಒಳ್ಳೆಯದು. ಎದುರಿಗೆ ಆಳೆತ್ತರದ ಬೇಲಿಯೋ ಪಾಗಾರವೋ ಇದ್ದರೆ ಹುಳ ಮೇಲೆದ್ದು ಹಾರಿ ತಲೆಯ ಮೇಲಿಂದ ಹೋಗುತ್ತದೆ. ಸ್ಟ್ಯಾಂಡಿನ ಬುಡಕ್ಕೆ ನೀರಿನ ಬಟ್ಟಲಿಟ್ಟರೆ ಚೌಳಿ, ಕಟ್ಟಿರುವೆ ಹತ್ತುವುದಿಲ್ಲ. ಮಾರ್ಚ್, ಏಪ್ರಿಲಿನ ಸೆಕೆಯಲ್ಲಿ ಹುಳಗಳು ನೀರು ಹುಡುಕಿಕೊಂಡು ನೆರೆಯವರ ನಳ್ಳಿಗೆ, ಬಟ್ಟೆ ಒಗೆಯುವ ಕಲ್ಲಿಗೆ ಹೋಗುತ್ತವೆ. ಪೆಟ್ಟಿಗೆಯ ಹತ್ತಿರ ಕಲ್ಲು ಹಾಕಿದ ನೀರಿನ ತಟ್ಟೆ ಇಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಪಕ್ಕದ ಮನೆಯಲ್ಲಿ ಮದುವೆಯೋ ಪೂಜೆಯೋ ಇದ್ದ ದಿನ ಪೆಟ್ಟಿಗೆ ತೆರೆಯಬಾರದು. ಕಡಿದ ಹುಳ ಬಿಡುವ ಘಾಟು ಬಾಳೆಹಣ್ಣಿನ ವಾಸನೆಯಂತಿರುತ್ತದೆ, ಅದು ಉಳಿದ ಹುಳಗಳಿಗೆ ಕರೆ. ಮುಳ್ಳನ್ನು ಉಗುರಿನಿಂದ ಕೆರೆದು ತೆಗೆದು ಆ ಜಾಗ ತೊಳೆಯಬೇಕು. ಉಸಿರು ಕಟ್ಟಿದರೆ, ಮುಖ ಬಾತರೆ, ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಒಯ್ಯಬೇಕು. ಮೊದಲ ಜೇನು ತೆಗೆದಾಗ ಒಂದು ಕುಪ್ಪಿ ಪಕ್ಕದ ಮನೆಗೆ ಹೋಗಬೇಕೆಂಬುದನ್ನು ಯಾವ ಕೈಪಿಡಿಯೂ ಬರೆಯುವುದಿಲ್ಲ. ತುಡುವೆ ಪೆಟ್ಟಿಗೆಯೊಂದರಿಂದ ವರ್ಷಕ್ಕೆ ಐದರಿಂದ ಹತ್ತು ಕಿಲೋ ಸಿಕ್ಕರೆ ಒಳ್ಳೆಯ ವರ್ಷ. ಒಂದು ಕುಪ್ಪಿ ಕೊಟ್ಟರೆ ನಷ್ಟವಿಲ್ಲ.

ಜಾಗ ಕಿರಿದಾದಲ್ಲಿ, ಮಕ್ಕಳಿರುವಲ್ಲಿ, ಪೇಟೆಯ ಬಾಡಿಗೆ ಮನೆಗಳಲ್ಲಿ ಮುಜಂಟಿಯೇ ಸರಿ. ಬಿದಿರಿನ ಅಂಡೆ, ತೆಂಗಿನ ಚಿಪ್ಪು, ಮಡಕೆ, ಚಿಕ್ಕ ಮರದ ಪೆಟ್ಟಿಗೆ ಯಾವುದಾದರೂ ಅದಕ್ಕೆ ಸಾಕು. ಜೇನು ಸಿಗುವುದು ವರ್ಷಕ್ಕೆ ಕೆಲವು ನೂರು ಗ್ರಾಂ. ಔಷಧಕ್ಕೆಂದು ಕೊಳ್ಳುವವರಿರುವುದರಿಂದ ಬೆಲೆ ತುಡುವೆಯದಕ್ಕಿಂತ ಎಷ್ಟೋ ಹೆಚ್ಚು. ಮುಳ್ಳಿಲ್ಲದ ಈ ಹುಳಕ್ಕೆ ಕಟ್ಟಳೆಯೇ ಬೇಡ. ಪಂಚಾಯತಿ ಎಂದಾದರೂ ನಿಯಮ ಬರೆದರೆ ಮುಜಂಟಿಯನ್ನು ಹೊರಗಿಟ್ಟು, ತುಡುವೆಗೆ ದೂರ ಮತ್ತು ದಿಕ್ಕನ್ನು ಹೇಳಿ, ಸಾಗಾಟಕ್ಕೂ ಸಿಂಪಡಣೆಗೂ ಮುಂಚಿತ ತಿಳಿವಳಿಕೆ ಕಡ್ಡಾಯ ಮಾಡಿದರೆ ಸಾಕಾಗುತ್ತದೆ.

ಮನೆಯ ಗೋಡೆಯಲ್ಲಿ, ಮರದಲ್ಲಿ ಗೂಡು ಕಂಡವರು ಕೊಳ್ಳಿ ಹಿಡಿಯುವ ಮುನ್ನ ಅದು ಯಾವ ಹುಳವೆಂದು ತಿಳಿದವರಿಗೆ ತೋರಿಸಬೇಕು. ತುಡುವೆಯಾದರೆ ಪೆಟ್ಟಿಗೆಗೆ ಕೂಡಿಸಿ ಒಯ್ಯಲು ಸಾಕುವವರು ಸಂತೋಷದಿಂದ ಬರುತ್ತಾರೆ. ಕೇರಳದ ಆಡಳಿತ ಭಾಷಾ ಕಾನೂನು ಕನ್ನಡಿಗರಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು ಅವಕಾಶ ಕೊಟ್ಟಿರುವುದರಿಂದ ಕುಂಬಳೆಯ ಪಂಚಾಯತಿಗೆ ದೂರನ್ನು ಕನ್ನಡದಲ್ಲೇ ಬರೆಯಬಹುದು. ಬರೆಯುವಾಗ ಬರೇ ಜೇನು ಎನ್ನದೆ ಹುಳದ ಹೆಸರನ್ನು ಸರಿಯಾಗಿ ಹಾಕಿ.